ಷರಾ

ಚಳ್ಳಕೆರೆ ನಗರಸಭೆಯ ಮೂರನೇ ಕೌಂಟರಿನಲ್ಲಿ
ಬೆಳಿಗ್ಗೆ ಜನನ, ಊಟವಾದ ಮೇಲೆ ಮರಣ.
ಎರಡಕ್ಕೂ ನಾನೇ ಗುಮಾಸ್ತೆ.

ಮೊದಲು ಲೆಡ್ಜರಿತ್ತು. ಬೆನ್ನಿಗೆ ಗೆದ್ದಲು,
ಹೊಟ್ಟೆಯಲ್ಲಿ ಊರು.
ಅಜ್ಜ ಸತ್ತ ಕಾಗದಕ್ಕೆ ಮೊಮ್ಮಗ ಏಳು ಸಲ ಬರುತ್ತಿದ್ದ.
ಎಂಟನೇ ಸಲ ಅಟೆಂಡರ್ ಓಬಯ್ಯನ ಜೇಬಿಗೆ ಚಹಾದ ಕಾಸು ಬಿದ್ದರೆ
ಪುಟ ತಾನಾಗಿ ತೆರೆದುಕೊಳ್ಳುತ್ತಿತ್ತು.
ನಾನಾಗ ಕಿಟಕಿಯಾಚೆ ಬೇವಿನ ಮರ ನೋಡುತ್ತಿದ್ದೆ.
ಆ ಮರದ ಒಂದೊಂದು ಎಲೆಯೂ ನನಗೆ ಬಾಯಿಪಾಠ.
ಅದಕ್ಕೇ, ಹಳೆಯದೇ ಚೆನ್ನಾಗಿತ್ತು ಅನ್ನಲು
ನನಗೆ ಬಾಯಿ ಬರುವುದಿಲ್ಲ.

ಪುಣೆಯ ಕಂಪನಿಯಿಂದ ಬಾಪಟ್ ಅನ್ನುವ ಹುಡುಗ ಬಂದ.
ಒಳ್ಳೆಯವನು, ಮೆಣಸಿನಕಾಯಿ ಬಜ್ಜಿಗೆ ಕಣ್ಣೀರಿಟ್ಟರೂ ಪೂರ್ತಿ ತಿಂದ.
ಟೋಕನ್ ಮೆಷಿನ್ ಇಟ್ಟ, ಪರದೆ ಇಟ್ಟ,
ತಲೆಗೆ ಏಳು ನಿಮಿಷ ಅಂತ ಗಡುವಿಟ್ಟ.
'ಮೇಡಂ, ಇನ್ನು ಇವರು ಅರ್ಜಿದಾರರಲ್ಲ, ಗ್ರಾಹಕರು.
ಖಾಸಗಿಯವರನ್ನು ನೋಡಿ ಕಲಿಯಬೇಕು.'
ಕೊನೆಗೆ ಕೌಂಟರಿನ ಮೇಲೆ ಮೂರು ಗುಂಡಿ:
ಹಸಿರು ನಗುತ್ತದೆ, ಹಳದಿ ತುಟಿ ಬಿಗಿದಿದೆ,
ಕೆಂಪು ಅಳುತ್ತದೆ.

ನಿಜ ಹೇಳುತ್ತೇನೆ, ಏಳು ಸಲದ ಕೆಲಸ
ಏಳು ನಿಮಿಷಕ್ಕಿಳಿಯಿತು.
ಓಬಯ್ಯ ಚಹಾವನ್ನು ಸ್ವಂತ ದುಡ್ಡಲ್ಲಿ ಕುಡಿಯತೊಡಗಿದ.

ಒಂದು ಮಧ್ಯಾಹ್ನ ಕಾಟಪ್ಪನಹಟ್ಟಿಯ ಪಾಲಕ್ಕ ಬಂದಳು.
ಗಂಡ ಎಣ್ಣೆ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದವನು.
ಪರದೆ ಕೇಳಿತು: ಸತ್ತ ಹೊತ್ತು, ಗಂಟೆ, ನಿಮಿಷ.
'ರಾತ್ರಿ ಪಾಳಿ ಸೈರನ್ ಆಗಿತ್ತಮ್ಮಾ,
ಕೋಳಿ ಕೂಗಿರಲಿಲ್ಲ.
ಕರೆಂಟೂ ಇರಲಿಲ್ಲ, ಮುಖ ಕಾಣಲಿಲ್ಲ,
ಕೈ ಮುಟ್ಟಿ ತಿಳಕೊಂಡೆ.'
ಹಳೆಯ ಲೆಡ್ಜರಿನ ಬಲತುದಿಗೆ ಷರಾ ಅಂತ ಒಂದು ಕಾಲಂ ಇತ್ತು,
ಇಂಥದ್ದೆಲ್ಲ ಅಲ್ಲಿ ಕೂರುತ್ತಿತ್ತು.
ಪರದೆಗೆ ಬಲತುದಿಯೇ ಇಲ್ಲ, 'ಮುಂದೆ' ಅನ್ನುವ ಗುಂಡಿ ಇದೆ.
ಖಾಲಿ ಬಿಟ್ಟರೆ ಮುಂದೆ ಹೋಗದು.
ಎರಡು ಗಂಟೆ ಹತ್ತು ನಿಮಿಷ ಅಂತ ನಾನೇ ಹಾಕಿದೆ.
ಹತ್ತು ಯಾಕೆಂದರೆ, ನಂಬಿಕೆ ಬರಲಿ ಅಂತ.

ಹನ್ನೊಂದು ನಿಮಿಷವಾಗಿತ್ತು.
'ಹೇಗನಿಸಿತು, ಒಂದು ಗುಂಡಿ ಒತ್ತವ್ವಾ' ಅಂದೆ.
ಪಾಲಕ್ಕ ಮೂರು ಮುಖಗಳನ್ನೂ ನೋಡಿದಳು,
ಸೆರಗಿನಲ್ಲಿ ಬೆರಳೊರೆಸಿಕೊಂಡು
ಅಳುವುದನ್ನು ಒತ್ತಿದಳು.
ಮತ್ತೇನು ಒತ್ತಿಯಾಳು?

ತಿಂಗಳ ಸಭೆಯಲ್ಲಿ ಗೋಡೆಯ ಮೇಲೆ ಬಣ್ಣದ ಕಂಬಗಳೆದ್ದವು.
ಜನನ ಹಸಿರು. ಮರಣ ಕೆಂಪು.
'ಜನನದವರನ್ನು ನೋಡಿ ಮರಣದವರು ಕಲಿಯಲಿ'
ಅಂದರು ಸಾಹೇಬರು.
ನಾನು ನನ್ನ ಕಡೆಗೇ ತಿರುಗಿ ನೋಡಿಕೊಂಡೆ.

ಸಂಜೆ ಬಾಪಟ್‌ನನ್ನು ಪಾತಲಿಂಗಪ್ಪನ ಎಣ್ಣೆ ಅಂಗಡಿಗೆ ಕರೆದೊಯ್ದೆ.
ಖಾಸಗಿಯವರೇ, ಮೂರು ತಲೆಮಾರಿನವರು.
ಅವರು ಮೊದಲು 'ಮಗಳಿಗೆ ಹುಷಾರಾಯ್ತಾ?' ಅಂದರು,
ಆಮೇಲೆ ಎಣ್ಣೆ ಅಳೆದರು, ಲೀಟರಿಗೆ ಲೀಟರು,
ಅದರ ಮೇಲೊಂದು ಸೌಟು, ಕೊಸರು.
'ಇದು ಯಾವ ಲೆಕ್ಕಕ್ಕೆ?' ಅಂದ ಬಾಪಟ್.
'ಲೆಕ್ಕಕ್ಕಲ್ಲ ಸ್ವಾಮಿ, ನಾಳೆಗೆ' ಅಂದರು ಪಾತಲಿಂಗಪ್ಪ.
ಹುಡುಗ ಡಬ್ಬಿ ಹಿಡಿದು ಸುಮ್ಮನೆ ನಡೆದ.
ಕಡಲೆಕಾಯಿ ಹಿಂಡಿಯ ವಾಸನೆ ನಮ್ಮ ಜೊತೆಗೇ ಬಂತು.

ಎರಡು ತಿಂಗಳಾದ ಮೇಲೆ ಪರದೆಯ ತಳದಲ್ಲಿ
ಒಂದು ಸಣ್ಣ ಪೆಟ್ಟಿಗೆ ಹುಟ್ಟಿತು. ಷರಾ.
ನಲವತ್ತೇ ಅಕ್ಷರ. ಅದೂ ಕೊಂಬಿಗೊಂದು, ಗುಡಿಸಿಗೊಂದು,
ಒತ್ತಿಗೆ ಎರಡು ಅಂತ ಲೆಕ್ಕ ಹಿಡಿಯುತ್ತದೆ.
ಗುಂಡಿಗಳು ಹಾಗೇ ಇವೆ,
ಮಧ್ಯಾಹ್ನದ ಹೊತ್ತು ಅವುಗಳ ಮೇಲೆ
ಓಬಯ್ಯ ತನ್ನ ಟವೆಲ್ಲು ಹೊದಿಸುತ್ತಾನೆ. ನಾನು ಕಂಡಿಲ್ಲ.
ಬೇವಿನ ಮರ ನೋಡುತ್ತಿರುತ್ತೇನೆ.

ಮೊದಲು ಪಾಲಕ್ಕನ ಗಂಡನ ಕಡತ ತೆರೆದೆ.
ಎರಡು ಗಂಟೆಯನ್ನೂ ಹತ್ತು ನಿಮಿಷವನ್ನೂ ತಿದ್ದಲಾಗಲಿಲ್ಲ.
ಕೆಳಗೆ ಬರೆದೆ:
ಸೈರನ್ ಆಗಿತ್ತು, ಕೋಳಿ ಕೂಗಿರಲಿಲ್ಲ.

ಇನ್ನೂ ಒಂಬತ್ತು ಅಕ್ಷರ ಉಳಿದಿವೆ
ಅಂತ ತೋರಿಸಿ, ಪರದೆ ಕಾಯುತ್ತಾ ಕೂತಿತು.